ಮೂರನೇ ಕಂಬದ ಮಾತು

ಮೇಲ್ದಂಡೆ,
ಮರುಎಣಿಕೆಯ ಎಂಬತ್ತೆಂಟನೇ ವರ್ಷ,
ಹಿಂಗಾರಿ ತಿಂಗಳ ನಲವತ್ತೊಂದನೇ ದಿನ

ನಮಗಿಂತ ಬಹಳ ಹಿಂದೆ ಬದುಕಿದ್ದ ಹಿರಿಯರಿಗೆ,

ತಾರೀಖು ನೋಡಿ, ಈ ಮನುಷ್ಯನಿಗೆ ಎಣಿಸಲು ಬರುವುದಿಲ್ಲ ಎಂದುಕೊಳ್ಳಬೇಡಿ. ನಿಮ್ಮಲ್ಲಿ ತಿಂಗಳು ಮೂವತ್ತಕ್ಕೋ ಮೂವತ್ತೊಂದಕ್ಕೋ ಮುಗಿಯುತ್ತಿತ್ತಂತೆ. ನಮ್ಮಲ್ಲಿ ಅದು ಮಳೆ ನಿಂತಾಗ ಮುಗಿಯುತ್ತದೆ. ಈ ಸಲದ ಹಿಂಗಾರಿ ಇನ್ನೂ ಹೊರಡುವ ಮನಸ್ಸು ಮಾಡಿಲ್ಲ, ಅದಕ್ಕೇ ನಲವತ್ತೊಂದನೇ ದಿನ. ನಿಮ್ಮ ಬರವಣಿಗೆಯ ಕನ್ನಡವನ್ನು ನಾನು ಹಳೆಯ ಕಾಗದಗಳನ್ನು ಓದಿ ಕಲಿತಿದ್ದೇನೆ. ನಡುನಡುವೆ ನಮ್ಮ ಕಾಲದ ಹೆಸರುಗಳು ಬರುತ್ತವೆ. ಅವು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ, ಬಂದ ಕಡೆಯೆಲ್ಲ ಅರ್ಥ ಹೇಳುತ್ತ ಹೋಗುತ್ತೇನೆ.

ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಯಾರ ಬಾಯಿಮಾತಿನಿಂದ ಇನ್ನೊಬ್ಬರಿಗೆ ಪೆಟ್ಟಾಯಿತೋ ಅವರು ತಮಗಿಂತ ಹಿಂದಿನವರಿಗೆ ಒಂದು ಓಲೆ ಬರೆಯಬೇಕು ಎಂಬ ಪದ್ಧತಿ ನಮ್ಮಲ್ಲಿದೆ. ಉತ್ತರ ಕೊಡಬಲ್ಲವರಿಗೆ ಬರೆದರೆ ಮನುಷ್ಯ ವಾದ ಮಾಡುತ್ತಾನೆ, ಉತ್ತರ ಕೊಡಲಾರದವರಿಗೆ ಬರೆದರೆ ನಡೆದದ್ದನ್ನು ಹೇಳುತ್ತಾನೆ ಎನ್ನುವುದು ಇದನ್ನು ಹಾಕಿಕೊಟ್ಟವರ ಎಣಿಕೆ. ಓಲೆ ನಿಮಗೆ ಮುಟ್ಟುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಬರೆಯುವುದಷ್ಟೇ ನನ್ನ ಪಾಲಿನ ಕೆಲಸ.

ಮೊದಲು ಊರಿನ ಪರಿಚಯ ಹೇಳಿಬಿಡುತ್ತೇನೆ. ಕೃಷ್ಣಾ ನದಿ ಈಗ ನಿಮ್ಮ ಕಾಲದ ಅಗಲದಲ್ಲಿ ಇಲ್ಲ. ಈ ದಂಡೆಯಲ್ಲಿ ನಿಂತು ಕೂಗಿದರೆ ಆಚೆ ದಂಡೆಯವನಿಗೆ ಕೇಳಿಸುವುದಿಲ್ಲ, ಕೈ ಬೀಸಿದರೆ ಕಾಣಿಸುವುದೂ ಇಲ್ಲ. ನೀರಿನ ಮೇಲೆ ಹನ್ನೆರಡು ಕಬ್ಬಿಣದ ಕಂಬಗಳಿವೆ. ಅವುಗಳ ನೆತ್ತಿಯ ಗಾಲಿಗಳ ಮೇಲೆ ಹಗ್ಗ ಹಾದುಹೋಗುತ್ತದೆ, ಹಗ್ಗದ ಮೇಲೆ ತೂಗುಬಂಡಿ ಓಡಾಡುತ್ತದೆ. ಹಗ್ಗವೆಂದರೆ ನಾರಿನದಲ್ಲ, ತೋಳಿನಷ್ಟು ದಪ್ಪದ ಉಕ್ಕಿನದು. ಬಂಡಿಯೆಂದರೆ ಹನ್ನೆರಡು ಮಂದಿ ಕೂರುವ ಒಂದು ಡಬ್ಬಿ. ಮಕ್ಕಳು ಶಾಲೆಗೆ, ಬಾಣಂತಿಯರು ತವರಿಗೆ, ಮೇಸ್ತ್ರಿಗಳು ಕೆಲಸಕ್ಕೆ ಹೋಗುವುದೆಲ್ಲ ಅದರಲ್ಲಿಯೇ. ಮಳೆ ಬಿಟ್ಟ ಗಳಿಗೆಯಲ್ಲಿ ಜನ ಅಂಗಳದಲ್ಲಿ ಬಟ್ಟೆ ಹರವುತ್ತಾರೆ, ಹಿಡಿದ ಗಳಿಗೆಯಲ್ಲಿ ರಾಜಕೀಯ ಮಾತಾಡುತ್ತಾರೆ. ಮಳೆ ಹಿಡಿದಿರುವುದೇ ಹೆಚ್ಚು.

ಪಕ್ಷಗಳು ಎರಡು. ಮೊದಲು ಮರ ಬೆಳೆಸೋಣ ಎನ್ನುವುದು ನೆರಳು ಪಕ್ಷ, ಮೊದಲು ಕೆರೆ ಕಟ್ಟೋಣ ಎನ್ನುವುದು ನೀರು ಪಕ್ಷ. ನನ್ನ ಆಯುಷ್ಯದಲ್ಲೇ ಇವರು ಎರಡು ಸಲ ತಮ್ಮ ಮಾತನ್ನು ಅದಲುಬದಲು ಮಾಡಿಕೊಂಡಿದ್ದಾರೆ. ಹಾಗಾಗಿ ಮುಖಂಡರೆಲ್ಲ ಎರಡೂ ಮಗ್ಗುಲಿಗೆ ಬೇರೆ ಬೇರೆ ಬಣ್ಣವಿರುವ ಶಾಲು ಹೊದೆಯುತ್ತಾರೆ, ತಿರುವಿ ಹಾಕಿಕೊಂಡರೆ ಮುಗಿಯಿತು. ದೇಶದ ಸಭೆ ದೂರದ ನಗರದಲ್ಲಿ ನಡೆಯುತ್ತದೆ. ಅಲ್ಲಿ ಏನು ನಡೆಯಿತು ಎಂಬುದು ನಮಗೆ ಮರುದಿನ ತಿಳಿಯುತ್ತದೆ, ಯಾಕೆ ನಡೆಯಿತು ಎಂಬುದು ಮಾತ್ರ ಎಂದೂ ತಿಳಿಯುವುದಿಲ್ಲ.

ನಮ್ಮ ದಾಖಲೆ ಮನೆಯಲ್ಲಿ ನಿಮ್ಮ ಕಾಲದ ಒಂದು ಚಹಾದಂಗಡಿಯ ಮಾತು ಮೂರು ತಾಸಿನಷ್ಟು ಉಳಿದಿದೆ. ನಾನು ಅದನ್ನು ಎಷ್ಟೋ ಸಲ ಕೇಳಿದ್ದೇನೆ. ಒಬ್ಬ ಪ್ರಧಾನಿಯನ್ನು ಬೈಯುತ್ತಾನೆ, ಇನ್ನೊಬ್ಬ ವಿರೋಧ ಪಕ್ಷವನ್ನು ಬೈಯುತ್ತಾನೆ, ಮೂರನೆಯವ ಇಬ್ಬರನ್ನೂ ಬೈದು ಚಹಾಕ್ಕೆ ಸಕ್ಕರೆ ಕೇಳುತ್ತಾನೆ. ಹೀಗೆಯೇ ನಿಮ್ಮ ಜನ ಮಾತಾಡಿದ್ದು, ಬರೆದದ್ದು, ಒಬ್ಬರಿಂದೊಬ್ಬರಿಗೆ ಫೋನಿನಲ್ಲಿ ಕಳಿಸಿದ್ದು ಗುಡ್ಡದಷ್ಟು ಬಿದ್ದಿತ್ತಂತೆ. ಬರೆಯುವವರು ಕೋಟಿಗಟ್ಟಲೆ ಇದ್ದರು, ಓದಿ ಎದ್ದು ಹೋಗಿ ನೋಡುವವನು ಮಾತ್ರ ಇರಲಿಲ್ಲ. ಅದಕ್ಕೇ ನಮ್ಮ ಹಿರಿಯರು ವರ್ಷಗಳನ್ನು ಹೊಸದಾಗಿ ಒಂದರಿಂದ ಎಣಿಸುವ ಮರುಎಣಿಕೆ ಶುರುವಾದಾಗ ಒಂದು ಹೊಸ ನಿಯಮ ತಂದರು. ದೂರು ಬರಹದಲ್ಲಿ ಹೋಗಕೂಡದು, ಒಬ್ಬ ಮನುಷ್ಯ ಕೇಳಬೇಕು, ಹೋಗಿ ಇನ್ನೊಬ್ಬ ಮನುಷ್ಯನ ಮುಖ ನೋಡಿ ಹೇಳಬೇಕು ಎಂದರು.

ಆ ನಿಯಮದಿಂದ ಹುಟ್ಟಿದ್ದು ಗೊಣಗುಕಟ್ಟೆ. ಪ್ರತಿ ಊರಿನಲ್ಲೂ ಮಾಡು ಹೊದಿಸಿದ ಒಂದು ಕಲ್ಲುಕಟ್ಟೆ ಇರುತ್ತದೆ. ಸೋಮವಾರ ಮುಂಜಾನೆ ಯಾರು ಬೇಕಾದರೂ ಬಂದು ಯಾರ ಮೇಲೆ ಬೇಕಾದರೂ ಗೊಣಗಬಹುದು. ಕಟ್ಟೆಯ ಎರಡು ತುದಿಗೆ ಎರಡು ಮಣೆ. ಒಂದರ ಮೇಲೆ ನೆರಳು ಪಕ್ಷದ ಕಿವಿಯಾಳು, ಇನ್ನೊಂದರ ಮೇಲೆ ನೀರು ಪಕ್ಷದ ಕಿವಿಯಾಳು. ಕಿವಿಯಾಳು ಉತ್ತರ ಕೊಡಬಾರದು, ತಲೆ ಆಡಿಸಬಾರದು, ನಗಬಾರದು. ಕೇಳಿದ್ದನ್ನು ನೆನಪಿನಲ್ಲಿಟ್ಟುಕೊಂಡು ಗುರುವಾರ ದೋಣಿಯಲ್ಲಿ ಹೋಗಿ ತನ್ನ ಪಕ್ಷದ ಮುಖಂಡರಿಗೆ ಹೇಳಬೇಕು. ಅವರು ಎದ್ದು ಹೋಗದೆ ಕೇಳಬೇಕು. ಇಷ್ಟೊಂದು ನೆನಪಿಡಬೇಕಾದ್ದರಿಂದ ಕಿವಿಯಾಳುಗಳನ್ನು ಕಥೆ ಹೇಳುವ ಮನೆತನಗಳಿಂದಲೇ ಆರಿಸುತ್ತಾರೆ. ನಾನು, ಮಾನಿಂಗಪ್ಪ, ಅಂಥ ಮನೆಯವನು. ಇಪ್ಪತ್ತಾರು ವರ್ಷ ನೆರಳು ಪಕ್ಷದ ಮಣೆಯ ಮೇಲೆ ಕುಳಿತಿದ್ದೆ.

ಈಗ ಫಕೀರವ್ವನ ವಿಷಯಕ್ಕೆ ಬರುತ್ತೇನೆ. ಫಕೀರವ್ವ ಜೋಳದ ರೊಟ್ಟಿ ಬಡಿದು ಮಾರುವ ಹೆಣ್ಣುಮಗಳು. ವಯಸ್ಸು ಐವತ್ತರ ಆಸುಪಾಸು. ದಿನಾ ಮುಂಜಾನೆ ಎರಡನೇ ತೂಗುಬಂಡಿಯಲ್ಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಆಚೆ ದಂಡೆಗೆ ಹೋಗಿ, ಮಧ್ಯಾಹ್ನಕ್ಕೆ ಬರಿ ಬುಟ್ಟಿಯೊಂದಿಗೆ ವಾಪಸು ಬರುತ್ತಿದ್ದಳು. ಕಟ್ಟೆಗೆ ಬರುವವಳಲ್ಲ. ದೇಶದ ಚಿಂತೆ ಮಾಡಲು ಗಂಡಸರು ಖಾಲಿ ಕುಳಿತಿದ್ದಾರಲ್ಲ ಎನ್ನುತ್ತಿದ್ದಳು. ಅಂಥವಳು ಒಂದು ಸೋಮವಾರ ಬಂದು, ಯಾರ ಹೆಸರನ್ನೂ ಹಿಡಿದು ಬೈಯದೆ, ಇಷ್ಟೇ ಹೇಳಿದಳು:

“ಮೂರನೇ ಕಂಬದ ಹತ್ರ ಬಂದಾಗ ತೂಗುಬಂಡಿ ವಾಲತೈತಿ. ಮ್ಯಾಲಿನ ಗಾಲಿ ಕಿರ್ ಅಂತೈತಿ. ಮೊದಲ ಇರಲಿಲ್ಲ, ಜ್ವಾಳ ಕೊಯ್ಯೂಮುಂದ ಸುರುವಾಗೇತಿ. ಯಾರರ ಮ್ಯಾಲ ಹತ್ತಿ ನೋಡ್ರಿ.”

ಅಲ್ಲಿ ಲಾಲಸಾಬನಿದ್ದ. ಛತ್ರಿ ರಿಪೇರಿ ಮಾಡುವವನು, ನಮ್ಮ ಕಟ್ಟೆಯ ದೊಡ್ಡ ಮಾತುಗಾರ. ದೇಶದ ಸಭೆಯಲ್ಲಿ ಯಾರು ಯಾರ ಕಾಲು ಎಳೆದರು ಎಂದು ಅಲ್ಲಿಯೇ ಕುಳಿತು ಬಂದವನ ಹಾಗೆ ಹೇಳುತ್ತಿದ್ದ. ಅವನು ಸುಮ್ಮನಿರುವುದುಂಟೇ?

“ವಾಲಲಾರದ ಏನ್ ಮಾಡೀತು ಬೇ? ಚುನಾವಣಿ ಹತ್ರ ಬಂದೈತಿ. ಬಂಡಿನೂ ಪಕ್ಷ ಬದಲಿ ಮಾಡಾಕತ್ತೈತಿ!”

“ಹಂಗಾರ ಅದಕ್ಕೂ ಎರಡು ಬಣ್ಣದ ಶಾಲು ಹೊಚ್ಚರಿ,” ಎಂದು ಹಿಂದಿನಿಂದ ಯಾರೋ ಕೂಗಿದರು. ಕಟ್ಟೆಯೆಲ್ಲ ನಕ್ಕಿತು. ಫಕೀರವ್ವ ನಗಲಿಲ್ಲ. “ಮೂರನೇ ಕಂಬ,” ಎಂದು ನನ್ನ ಮುಖ ನೋಡಿ ಇನ್ನೊಮ್ಮೆ ಹೇಳಿ ಬುಟ್ಟಿ ಎತ್ತಿಕೊಂಡು ಹೋದಳು. ನಿಯಮದಂತೆ ನಾನೂ ನಗಲಿಲ್ಲ, ತಲೆಯನ್ನೂ ಆಡಿಸಲಿಲ್ಲ.

ಆಗ ಅಧಿಕಾರದಲ್ಲಿದ್ದ ನೆರಳು ಪಕ್ಷದ ಮುಖಂಡರು ಶಿವಗಂಗಾ ಇನಾಮದಾರ. ದೇಶದ ಸಭೆ ಇಲ್ಲದ ದಿನಗಳಲ್ಲಿ ನಮ್ಮ ಊರಿನಿಂದ ಅರ್ಧ ದಿನದ ದೋಣಿ ದಾರಿಯ ತಮ್ಮ ಊರಿನಲ್ಲಿ ಇರುತ್ತಾರೆ. ಕೆಟ್ಟವರಲ್ಲ. ಆದರೆ ವಾರಕ್ಕೆ ಮೂವತ್ತು ಊರಿನ ಗೊಣಗು ಕೇಳುವವರು ಅವರು. ಅರ್ಧ ತಾಸಿಗೇ ಕಣ್ಣು ಎಳೆಯಲು ಶುರುವಾಗುತ್ತದೆ. ಕೇಳುವವರ ಕಣ್ಣು ಎಳೆದಾಗ ಕಥೆಗಾರನಿಗೆ ಒಂದು ಚಡಪಡಿಕೆ ಹುಟ್ಟುತ್ತದೆ. ನಾನು ಫಕೀರವ್ವನ ಮಾತಿಗೆ ಲಾಲಸಾಬನ ಮಾತನ್ನು ಹೊಲಿದು ಹೇಳಿದೆ. ಅವರು ನಕ್ಕರು, ಎದ್ದು ಸರಿಯಾಗಿ ಕುಳಿತರು. ಉಳಿದ ದೂರುಗಳನ್ನೆಲ್ಲ ಆ ಉತ್ಸಾಹದಲ್ಲೇ ಕೇಳಿದರು. ಒಳ್ಳೆಯದೇ ಆಯಿತು ಎಂದುಕೊಂಡೆ.

ಮುಂದಿನ ಸೋಮವಾರ ಫಕೀರವ್ವ ಮತ್ತೆ ಬಂದು ಅದನ್ನೇ ಹೇಳಿದಳು. ಗುರುವಾರ ನಾನು ಇನ್ನಷ್ಟು ಚೆನ್ನಾಗಿ ಹೇಳಿದೆ. ಮೊದಲನೇ ಕಂಬದ ಹತ್ತಿರ ಬಂಡಿ ನೆರಳು ಪಕ್ಷಕ್ಕೆ ಕೈ ಮುಗಿಯುತ್ತದೆ, ಎರಡನೇ ಕಂಬದ ಹತ್ತಿರ ಆಕಳಿಸುತ್ತದೆ, ಮೂರನೆಯದರಲ್ಲಿ ಆಚೆ ದಂಡೆಯ ಕಡೆ ಕಣ್ಣು ಹಾಯಿಸುತ್ತದೆ ಎಂದು ಒಂದೊಂದು ಕಂಬಕ್ಕೆ ಒಂದೊಂದು ಆಟ ಕಟ್ಟಿದೆ. ಮೂರಕ್ಕೇ ವಾಲಿಸಿಬಿಟ್ಟರೆ ಕೇಳುವವರು ಕುಳಿತ ಜಾಗವೇ ಬೆಚ್ಚಗಾಗಿರುವುದಿಲ್ಲ. ನಮ್ಮ ಮನೆಯಲ್ಲಿ ಕಲಿಸಿದ ಕಥೆಗಳಲ್ಲಿ ರಾಜನಿಗೆ ಏಳು ಮಕ್ಕಳು, ರಾಕ್ಷಸ ಇರುವುದು ಏಳು ಕಡಲಿನ ಆಚೆ, ಬಾಗಿಲು ತೆರೆಯುವುದು ಏಳನೆಯ ಕೀಲಿಗೆ. ನಾಲಿಗೆಗೆ ಆ ದಾರಿ ಗೊತ್ತಿತ್ತು, ಅದು ತಾನಾಗಿ ನಡೆದುಹೋಯಿತು. ಬಂಡಿ ಏಳನೇ ಕಂಬದಲ್ಲಿ ವಾಲಿ ಶಾಲು ತಿರುವಿತು. ಶಿವಗಂಗಾ ಅವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮೂರನೇ ಗುರುವಾರ, ನಾನು ಶುರು ಮಾಡುವ ಮೊದಲೇ ಮನೆಗೆ ಬಂದ ನೆಂಟರನ್ನು ಕರೆದು ಕೂರಿಸಿ, “ಆ ಬಂಡಿ ಕಥಿ ಹೇಳ್ರಿ ಮಾನಿಂಗಪ್ಪ, ಇವರೂ ಕೇಳಲಿ,” ಎಂದರು.

ನಾಲ್ಕನೇ ಗುರುವಾರವೂ ಹೇಳಿದೆ. ಅಂದು ಅವರು ಅರ್ಧ ನಕ್ಕು ನಿಲ್ಲಿಸಿದರು.

“ಅಲ್ರಿ, ನಾಕು ವಾರಾತು. ಆ ಹೆಣ್ಮಗಳು ಖರೇನ ಹೆದರ್ಯಾಳೇನು?”

“ಹೆದರ್ಯಾಳ್ರಿ ಅಕ್ಕಾರ. ದಿನಾ ಅದರಾಗ ಹೋಗಾಕಿ.”

“ಎಷ್ಟನೇ ಕಂಬ ಅಂದ್ರಿ?”

“ಏಳನೇದ್ರಿ.”

ಅದನ್ನು ಹೇಳುವಾಗ ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ ಎಂಬುದನ್ನು ನಿಮಗೆ ತಿಳಿಸಬೇಕು. ಅಷ್ಟು ಸಲ ಹೇಳಿದ ಮೇಲೆ ಏಳೇ ನಿಜವಾಗಿತ್ತು.

ಅವರು ತಡಮಾಡುವವರಲ್ಲ, ಮರುದಿನವೇ ಜನ ಕಳಿಸಿದರು. ನಾಲ್ಕು ಮಂದಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಡುಹೊಳೆಯ ಏಳನೇ ಕಂಬ ಹತ್ತಿದರು. ಗಾಲಿ ಬಿಚ್ಚಿದರು, ಒರೆಸಿದರು, ಗ್ರೀಸ್ ಹಚ್ಚಿದರು, ಇಳಿದರು. ಉಳಿದ ಕಂಬಗಳನ್ನು ನೋಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನೀರು ಪಕ್ಷದ ಕಿವಿಯಾಳು ಮೂರೆಂದೇ ತನ್ನ ಮುಖಂಡರಿಗೆ ಒಯ್ದಿದ್ದ, ಆದರೆ ಕಂಬ ಹತ್ತಿಸುವ ಅಧಿಕಾರ ಆಗ ಅವರ ಕೈಯಲ್ಲಿರಲಿಲ್ಲ. ಏಳನೇ ಕಂಬ ಭದ್ರವಾಗಿದೆ ಎಂದು ಕಟ್ಟೆಯ ಗೋಡೆಗೆ ಹಾಳೆ ಅಂಟಿತು. ಅದರ ಕೆಳಗೆ ಫಕೀರವ್ವನ ಹೆಸರು, ಅದರ ಪಕ್ಕದಲ್ಲಿ ‘ಬರಿಗೊಣಗು’ ಎಂಬ ಮಾತು. ಇಲ್ಲದ ಭಯವನ್ನು ಊರಿಗೆ ಹಬ್ಬಿಸಿದವರನ್ನು ಹಾಗೆ ಕರೆಯುತ್ತೇವೆ. ಅವರು ಮೂರು ತಿಂಗಳು ಕಟ್ಟೆಯ ಮೇಲೆ ಬಾಯಿ ತೆರೆಯುವಂತಿಲ್ಲ. ಮಕ್ಕಳ ಕಳ್ಳರು ಬಂದರಂತೆ, ನೀರಿಗೆ ವಿಷ ಹಾಕಿದರಂತೆ ಎಂದು ಸುಳ್ಳುಸುದ್ದಿ ಹಬ್ಬಿ ಹಿಂದೆ ಎಷ್ಟೋ ಜೀವ ಹೋದವಂತೆ, ಅದಕ್ಕೇ ಈ ಕಾನೂನು. ಕಾನೂನಿನಲ್ಲಿ ತಪ್ಪಿರಲಿಲ್ಲ.

ಭಾನುವಾರ ಸಂತೆಯಲ್ಲಿ ನಾನು ರೊಟ್ಟಿಗೆ ನಿಂತಾಗ ಫಕೀರವ್ವ ಎಣಿಸುವುದನ್ನು ಬಿಟ್ಟು ಕೇಳಿದಳು:

“ಕಾಕಾ, ಏಳನೇ ಕಂಬ ಹತ್ತಿ ಇಳದ್ರಂತ?”

“ಹೌದವ್ವ, ಇಳದ್ರಂತ.”

“ನಾ ಏಳು ಅಂತ ಎಂದ ಅಂದೆ?”

ನಾನು ರೊಟ್ಟಿಯ ದುಡ್ಡು ಎಣಿಸತೊಡಗಿದೆ.

“ನಾ ಮೂರು ಅಂದಿದ್ದೆ. ನಾಕು ಸೋಮವಾರ ಅಂದಿದ್ದೆ. ಅಷ್ಟೂ ದಿನ ನಿಮ್ಮ ಕಿವಿ ಎಲ್ಲಿಟ್ಟಿದ್ರಿ, ಬಾಡಿಗಿಗೆ ಬಿಟ್ಟಿದ್ರೇನು?”

“ತಪ್ಪಾತವ್ವ. ಗುರುವಾರ ಹೋಗಿ ಹೇಳತೀನಿ.”

“ಗುರುವಾರದ ಮಟ ನಿಂದರು ಅಂತ ಆ ಕಂಬಕ್ಕೂ ಹೇಳಿ ಬರ್ರಿ.”

“ಒಂದ್ನಾಕು ದಿನ ಬಂಡಿ ಹತ್ತಬ್ಯಾಡ.”

“ಹತ್ತಲಿಲ್ಲಂದ್ರ ರೊಟ್ಟಿ ತಾವ ಈಸಗೊಂತ ಹೋಗತಾವೇನು, ಆಚೀ ದಂಡಿಗೆ?”

ಈ ಜಾಗದಲ್ಲಿ ನಿಮಗೆ ಇನ್ನೊಂದು ನಿಯಮ ಹೇಳಬೇಕು. ಕಿವಿಯಾಳು ತೂಗುಬಂಡಿಯ ಕಚೇರಿಗೆ ಹೋಗಿ “ನಾನು ಒಯ್ದ ಮಾತು ತಪ್ಪು” ಎಂದರೆ ಸಾಕು, ಆ ಗಳಿಗೆಯಲ್ಲೇ ಬಂಡಿ ನಿಲ್ಲಿಸುತ್ತಾರೆ, ಎಲ್ಲ ಕಂಬಗಳನ್ನೂ ನೋಡುತ್ತಾರೆ. ಹಾಗೆ ಹೇಳಿದ ಕಿವಿಯಾಳು ಮಾತ್ರ ಮತ್ತೆ ಮಣೆ ಏರುವಂತಿಲ್ಲ. ಕಚೇರಿ ಸಂತೆಯ ಹಿಂದೆಯೇ ಇದೆ. ಬಾಗಿಲೂ ತೆರೆದಿತ್ತು. ನಾನು ರೊಟ್ಟಿ ಕಟ್ಟಿಸಿಕೊಂಡು ಅದರ ಮುಂದೆಯೇ ಹಾದು ಮನೆಗೆ ಬಂದೆ. ಗುರುವಾರಕ್ಕೆ ಇನ್ನೊಂದು ಕಥೆ ಕಟ್ಟಿ, ಬಂಡಿ ಬರುಬರುತ್ತ ಮೂರನೇ ಕಂಬಕ್ಕೂ ಜಗ್ಗಲು ಕಲಿಯಿತು ಎಂದು ಮೆತ್ತಗೆ ಸೇರಿಸಿ ಹೇಳಿದರಾಯಿತು, ಮಣೆಯೂ ಉಳಿಯುತ್ತದೆ, ಕಂಬವನ್ನೂ ನೋಡುತ್ತಾರೆ ಎಂದು ಲೆಕ್ಕ ಹಾಕಿದೆ. ಮೂರು ದಿನ ಅದನ್ನೇ ಹೊಸೆದೆ. ಕಥೆ ಚೆನ್ನಾಗಿ ಬಂದಿತ್ತು.

ಬುಧವಾರ ಮುಂಜಾನೆ ಎರಡನೇ ಬಂಡಿ ಮೂರನೇ ಕಂಬದ ಹತ್ತಿರ ಬಂದಾಗ ಮೇಲಿನ ಗಾಲಿ ಹಗ್ಗ ಬಿಟ್ಟು ಹಾರಿತು. ಬಂಡಿ ಒಂದೇ ಬದಿಯ ಕೊಂಡಿಯಿಂದ ಜೋತುಬಿತ್ತು. ಒಳಗೆ ಹನ್ನೊಂದು ಮಂದಿ ಇದ್ದರು. ಐದು ಮಂದಿ ನೀರಿಗೆ ಬಿದ್ದರು. ಮೀನುಗಾರರ ದೋಣಿಗಳು ಹತ್ತಿರದಲ್ಲೇ ಇದ್ದದ್ದರಿಂದ ಅಷ್ಟೂ ಮಂದಿ ಬದುಕಿದರು. ಉಳಿದವರನ್ನು ಒಬ್ಬೊಬ್ಬರನ್ನಾಗಿ ಇಳಿಸುವುದಕ್ಕೆ ಮಧ್ಯಾಹ್ನದವರೆಗೆ ಹಿಡಿಯಿತು. ಕಡೆಗೆ ಇಳಿದವಳು ಫಕೀರವ್ವ. ಅವಳ ಬಲಗೈ ಬಾಗಿಲಿಗೂ ಕಬ್ಬಿಣದ ಪಟ್ಟಿಗೂ ನಡುವೆ ಸಿಕ್ಕಿಕೊಂಡಿತ್ತು. ವೈದ್ಯರು ಕೈ ಉಳಿಸಿದರು. ಬೆರಳುಗಳು ಮಾತ್ರ ಈಗ ಮುಚ್ಚಿದ್ದು ತೆರೆಯುವುದಿಲ್ಲ. ಹಿಟ್ಟು ತಟ್ಟಲು ಅಂಗೈ ಅಗಲವಾಗಬೇಕು. ಮೂವತ್ತು ವರ್ಷ ರೊಟ್ಟಿ ಬಡಿದ ಕೈ ಅದು.

ಮರು ಸೋಮವಾರ ಕಟ್ಟೆ ಕಿಕ್ಕಿರಿದಿತ್ತು. ದೇಶವೇ ಹಾಳಾಯಿತು ಎಂದರು, ನೆರಳು ಪಕ್ಷ ತೊಲಗಬೇಕು ಎಂದರು, ನೀರು ಪಕ್ಷ ಇದ್ದಿದ್ದರೆ ಹಗ್ಗವೇ ಇರುತ್ತಿರಲಿಲ್ಲ ಎಂದರು. ನಾನು ಮಣೆಯಿಂದ ಎದ್ದು ನಿಂತೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆ ಕಟ್ಟೆಯ ಮೇಲೆ ಬಾಯಿ ತೆರೆದೆ. ಆಕೆ ಮೂರು ಅಂದಿದ್ದಳು, ಏಳು ನನ್ನದು, ಭಾನುವಾರವೇ ನನಗೆ ಗೊತ್ತಾಗಿತ್ತು ಎಂದೆ. ಆಮೇಲೆ ಲಾಲಸಾಬ, ಎಂದೂ ಇಲ್ಲದಷ್ಟು ಸಣ್ಣ ದನಿಯಲ್ಲಿ, “ಮೊದಲ ನಗಿಸಿದಾಂವ ನಾ ಅಲ್ಲೇನು ಕಾಕಾ?” ಎಂದ. ನಿಯಮದ ಪ್ರಕಾರ ನನ್ನ ಮಣೆಯನ್ನು ಬೋರಲು ಹಾಕಿದರು. ಗೋಡೆಯಿಂದ ಫಕೀರವ್ವನ ಹೆಸರನ್ನು ಕಿತ್ತರು.

ಶಿವಗಂಗಾ ಅವರು ಬಂದು ಕಟ್ಟೆಯ ಮುಂದೆ ನಿಂತು, “ಅವರು ಹೇಳಿದ್ದು ತಪ್ಪು, ನಾನು ನಕ್ಕೊಂತ ಕುಂತದ್ದೂ ತಪ್ಪು,” ಎಂದು ಹೇಳಿ ಹೋದರು. ಚುನಾವಣೆಯಲ್ಲಿ ಸೋತರು. ನೀರು ಪಕ್ಷ ಬಂತು. ದೂರಿನಲ್ಲಿ ಸಂಖ್ಯೆ ಬಂದರೆ ಕಿವಿಯಾಳು ಅದನ್ನು ಎರಡು ಸಲ ಹೇಳಬೇಕು ಎಂದು ಕಾನೂನು ತಂದಿತು. ಈಗಿನ ಕಿವಿಯಾಳುಗಳು ಅದಕ್ಕೂ ಒಂದು ರಾಗ ಕೂಡಿಸಿಕೊಂಡಿದ್ದಾರೆಂದು ಕೇಳಿದೆ. ಕಟ್ಟೆಯಲ್ಲಿ ಜನ ಈಗ ನೀರು ಪಕ್ಷವನ್ನು ಬೈಯುತ್ತಾರೆ. ನಾನು ಇದನ್ನು ಬೇಸರದಿಂದ ಹೇಳುತ್ತಿಲ್ಲ, ನೋಡಿದ್ದನ್ನು ಹೇಳುತ್ತಿದ್ದೇನೆ.

ಹಿಂದೋಲೆಯನ್ನು ಪೆಟ್ಟು ತಿಂದವರಿಗೆ ಓದಿ ತೋರಿಸಿಯೇ ಮುಗಿಸಬೇಕು. ನಿನ್ನೆ ಫಕೀರವ್ವನ ಮನೆಗೆ ಹೋಗಿ ಇಲ್ಲಿಯವರೆಗೆ ಬರೆದದ್ದನ್ನು ಓದಿದೆ. ಅವಳ ನಾದಿನಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಫಕೀರವ್ವ ಪಕ್ಕದಲ್ಲಿ ಕುಳಿತು, ಅಂಚು ದಪ್ಪಾತು, ಇನ್ನೊಂಚೂರು ತಿರುವು ಎಂದು ಹೇಳಿಕೊಡುತ್ತಿದ್ದಳು. ನಾನು ಓದಿ ನಿಲ್ಲಿಸಿದಾಗ ಅವಳೆಂದಳು:

“ಭಾಳ ಚಂದ ಬರದೀರಿ ಕಾಕಾ. ಅದ ನಿಮ್ಮ ರೋಗ.”

“ಏನ್ ತಿದ್ದಲಿ ಹೇಳವ್ವ.”

“ತಿದ್ದಬ್ಯಾಡ್ರಿ. ಕಡೀಕ ನಂದೊಂದು ಮಾತು ಹಾಕ್ರಿ. ನಾ ಅಂದಂಗ ಹಾಕ್ರಿ. ನಗೂವಂಗೂ ಮಾಡಬ್ಯಾಡ್ರಿ, ಅಳೂವಂಗೂ ಮಾಡಬ್ಯಾಡ್ರಿ.”

“ಹಿಂದಿನ ಮಂದಿಗೆ ಅದನ್ನ ಕೇಳಿ ಏನಾಗಬೇಕು?”

“ಅವರಿಗೆ ಏನೂ ಆಗೂದು ಬ್ಯಾಡ. ನೀವು ಒಂದು ಮಾತನ್ನ ಇದ್ದಂಗ ಒಯ್ಯೂದು ನಾ ನೋಡಬೇಕು.”

ಅವಳು ಹೇಳಿದಳು, ನಾನು ಬರೆದುಕೊಂಡೆ. ಇವತ್ತು ಮುಂಜಾನೆ ಮೊದಲ ಬಂಡಿಯಲ್ಲಿ ಆಚೆ ದಂಡೆಗೆ ಹೋಗಿ, ಜನ ಬಂಡಿಯಿಂದ ಇಳಿಯುವ ಇಳಿಗಟ್ಟೆಯಲ್ಲಿ ಅವಳು ಹೇಳಿದ ಜಾಗದ ಮೇಲೆ ನನ್ನ ಕಾಲಿಟ್ಟು ನೋಡಿದೆ. ಅವಳು ಹೇಳಿದ ಹಾಗೆಯೇ ಇದೆ. ಅಲ್ಲಿಯ ಗುಮಾಸ್ತನಿಗೆ ಬಾಯಲ್ಲಿ ಹೇಳದೆ, ಮಳೆಯಲ್ಲೇ ಕರೆದುಕೊಂಡು ಬಂದು ಅವನ ಕಾಲನ್ನೂ ಅದರ ಮೇಲೆ ಇಡಿಸಿದೆ. ನಾಳೆ ಮಾಡಿಸುತ್ತೇನೆ ಎಂದಿದ್ದಾನೆ. ನಾಳೆಯೂ ಹೋಗುತ್ತೇನೆ.

ಹಿರಿಯರೇ, ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ. ನೀವು ಮುಖಂಡರನ್ನು ಬೈಯುವುದನ್ನು ಬಿಡಬೇಡಿ, ಅದು ಇಲ್ಲದೆ ಯಾವ ಕಾಲದಲ್ಲೂ ಊರು ನಡೆಯುವುದಿಲ್ಲ. ನಗುವುದನ್ನೂ ಬಿಡಬೇಡಿ. ಆದರೆ ನಗು ಮುಗಿದ ಮೇಲೆ, ಆ ಗುಂಪಿನಲ್ಲಿ ನಗದೆ ಉಳಿದವರು ಯಾರು ಎಂದು ಒಮ್ಮೆ ತಿರುಗಿ ನೋಡಿ. ಎಲ್ಲಿ, ಎಷ್ಟನೆಯದು ಎಂದು ಅವರನ್ನು ಕೇಳಿ. ಕೇಳಿದ್ದನ್ನು ಚಂದ ಮಾಡಬೇಡಿ.

ಕೆಳಗಿನದು ಫಕೀರವ್ವನ ಮಾತು. ಇದರಲ್ಲಿ ನನ್ನದು ಒಂದಕ್ಷರವೂ ಇಲ್ಲ.

ನಿಮ್ಮ ಮುಂದಿನವ,
ಮಾನಿಂಗಪ್ಪ

“ಆಚೀ ದಂಡಿ ಇಳಿಗಟ್ಟಿ. ಮ್ಯಾಲಿಂದ ಎರಡನೇ ಮೆಟ್ಟಲ. ಬಲಗಡಿ ಕಲ್ಲ ಅಲಗತೈತಿ. ಮಳಿ ಬಂದಾಗ ಕಾಣೂದಿಲ್ಲ. ಮೊನ್ನಿ ಒಬ್ಬಾಕಿ ಮುದುಕಿ ಎಡವಿದ್ಲು, ಬೀಳಲಿಲ್ಲ. ಇಷ್ಟ.”